ಹತ್ತೋಕೆ ಇಟ್ಟ ಸ್ಟೂಲು

ಆ ಬಟ್ಟೆ ಅಂಗಡಿಯಲ್ಲಿ ಸ್ಟೂಲೇ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇತ್ತು. ಗಟ್ಟಿ ಮರದ್ದು, ನಾಲ್ಕು ಕಾಲೂ ನೆಟ್ಟಗಿದ್ದದ್ದು. ಮೇಲಿನ ಕಪಾಟಿನಿಂದ ಬಟ್ಟೆ ಇಳಿಸಬೇಕಾದಾಗ ಕೆಲಸದ ಹೆಂಗಸರು ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ಇಳಿದ ಮೇಲೆ ಅದನ್ನು ಮೂಲೆಗೆ ತಳ್ಳಿ ಮತ್ತೆ ಕೌಂಟರಿನ ಹಿಂದೆ ನಿಲ್ಲುತ್ತಿದ್ದರು. ಬೆಳಿಗ್ಗೆ ಶಟರ್ ಏರಿದಾಗಿನಿಂದ ಅದು ಇಳಿಯುವ ತನಕ ನಿಲ್ಲುವುದೇ ಕೆಲಸ. ಗಿರಾಕಿ ಇದ್ದರೂ ನಿಲ್ಲು, ಇಲ್ಲದಿದ್ದರೂ ನಿಲ್ಲು. ಮಧ್ಯಾಹ್ನ ಬೀದಿಯಲ್ಲಿ ಒಂದು ನರಪಿಳ್ಳೆಯೂ ಓಡಾಡದ ಹೊತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲು. ಯಾಕೆ ಅಂದರೆ, ಬಾಗಿಲು ತಳ್ಳಿಕೊಂಡು ಬಂದವರಿಗೆ ಕೂತ ಕೆಲಸದವಳು ಕಂಡರೆ ಅಂಗಡಿಗೆ ಲಕ್ಷಣವಲ್ಲವಂತೆ! ಹೆಂಗಸರ ಮೊಣಕಾಲು ಸವೆಸಿ ಅಂಗಡಿಗೆ ಲಕ್ಷಣ ತರುವ ಈ ಬುದ್ಧಿ ಯಾರ ತಲೆಯಲ್ಲಿ ಮೊದಲು ಹುಟ್ಟಿತೋ ಗೊತ್ತಿಲ್ಲ. ಅವನು ಮಾತ್ರ ಕೂತೇ ಯೋಚಿಸಿರಬೇಕು.

ಗಿರಾಕಿಗಾದರೆ ರಾಜೋಪಚಾರ. ಹೊಸ್ತಿಲೊಳಗೆ ಕಾಲಿಡುವುದೇ ತಡ, ಮ್ಯಾನೇಜರು "ಬನ್ನಿ ಬನ್ನಿ, ಕೂತ್ಕೊಳ್ಳಿ" ಎಂದು ಮೆತ್ತನೆಯ ಕುರ್ಚಿ ಎಳೆಯುತ್ತಿದ್ದ. "ಕೂತ ಗಿರಾಕಿನ ಎಬ್ಬಿಸೋ ಅಂಗಡಿ ನಮ್ದಲ್ಲ" ಎನ್ನುವುದು ಯಜಮಾನರ ಹೆಮ್ಮೆಯ ಮಾತು. ಅದನ್ನು ಬೋರ್ಡಿನಲ್ಲಿ ಬರೆಸಿ ಬಾಗಿಲ ಪಕ್ಕ ನೇತುಹಾಕಿದ್ದರು. ಬರೀ ಬಾಯಿಮಾತಲ್ಲ, ಅದು ಅಂಗಡಿಯ ಕಟ್ಟುನಿಟ್ಟಾದ ಪದ್ಧತಿ. ಕೂತ ಗಿರಾಕಿ ತಾನಾಗಿ ಏಳುವ ತನಕ ಶಟರ್ ಇಳಿಯುವಂತಿಲ್ಲ, ದೀಪ ಆರುವಂತಿಲ್ಲ, ಅವರು ಹೇಳಿದ್ದಕ್ಕೆ ಆಗಲ್ಲ ಅನ್ನುವಂತಿಲ್ಲ. ಹೊತ್ತು ಹೋಗದೆ ಬಂದ ಜನ ಇಡೀ ಕಪಾಟು ಇಳಿಸಿ, "ಇನ್ನೊಂದು ತೋರ್ಸಿ, ಇನ್ನೊಂದು ತೋರ್ಸಿ" ಎಂದು ಮುಚ್ಚುವ ಹೊತ್ತು ದಾಟಿಸಿ, ಕೊನೆಗೆ "ಆಮೇಲೆ ಬರ್ತೀವಿ" ಎಂದು ಎದ್ದು ಹೋಗುತ್ತಿದ್ದರು. ಅವರು ಹರಡಿದ್ದನ್ನೆಲ್ಲ ಮಡಚಿ ಮೇಲಿಡುವ ಹೆಂಗಸರಿಗೆ ಕೊನೆಯ ಬಸ್ಸು ತಪ್ಪುತ್ತಿತ್ತು.

ಈ ಅಂಗಡಿಯ ಹೊದಿಕೆ ವಿಭಾಗದಲ್ಲಿ ಇದ್ದವಳು ನಮ್ಮ ಸ್ಟೂಲಕ್ಕ. ಆಗ ಅವಳಿಗೆ ಆ ಹೆಸರಿರಲಿಲ್ಲ. ಕುಳ್ಳಗೆ, ದುಂಡಗೆ, ನಕ್ಕರೆ ಮೂರನೇ ಅಂಗಡಿಗೆ ಕೇಳಿಸುವಂಥ ಗಂಟಲಿನ ಹೆಂಗಸು. ಮದುವೆಯಾಗಿರಲಿಲ್ಲ. ತಂಗಿ ಮತ್ತು ತಂಗಿಯ ಗಂಡನ ಜೊತೆ ಒಂದೇ ಮನೆ. ತಂಗಿಯನ್ನು ಅದೇ ಅಂಗಡಿಗೆ, ಅಂಗಿ ಬಟ್ಟೆಯ ವಿಭಾಗಕ್ಕೆ ಸೇರಿಸಿದವಳೂ ಇವಳೇ. ತಂಗಿಯ ಗಂಡ ದರ್ಜಿ. ಸಂಜೆ ಅಕ್ಕತಂಗಿಯರಿಬ್ಬರೂ ಕಾಲನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟುಕೊಂಡು ಕೂತರೆ ಅವನು ಹೊಲಿಗೆ ಯಂತ್ರದ ಹಿಂದಿನಿಂದ ಕಾಲೆಳೆಯುತ್ತಿದ್ದ:

"ನೋಡಿ ಅತ್ತಿಗೆ, ನಮ್ಮನೇಲಿ ನಿಮಗಿಬ್ರಿಗೂ ನಿಂತು ನಿಂತು ಕಾಲು ಹೋಯ್ತು. ನನಗೆ ಕೂತು ಕೂತು ಬೆನ್ನು ಹೋಯ್ತು. ಮೂವರನ್ನೂ ಬಿಚ್ಚಿ ಹೊಲಿದ್ರೆ ಒಂದು ನೆಟ್ಟಗಿರೋ ಮನುಷ್ಯ ಆದ್ರೂ ಆಗ್ಬಹುದು."

"ಹೊಲಿಯಪ್ಪಾ ಹೊಲಿ. ಅಳತೆ ತಪ್ಪಿಸ್ಬೇಡ ಅಷ್ಟೇ," ಎನ್ನುತ್ತಿದ್ದಳು ಅಕ್ಕ.

ಒಂದು ಮಧ್ಯಾಹ್ನ ಅವಳು ಮೇಲಿನಿಂದ ಕಂಬಳಿ ಇಳಿಸಿ ಕೆಳಗೆ ಬಂದಾಗ ಮೀನಖಂಡ ಹಿಡಿದುಕೊಂಡಿತು. ಕಣ್ಣು ಕತ್ತಲೆ ಬಂದಂತಾಗಿ, ಸ್ಟೂಲು ಪಕ್ಕದಲ್ಲೇ ಇತ್ತಲ್ಲ, ಅದರ ಮೇಲೆ ಕೂತುಬಿಟ್ಟಳು. ಅಂಗಡಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಆದರೂ ಮ್ಯಾನೇಜರು ಮನೆಗೆ ಬೆಂಕಿ ಬಿದ್ದವನಂತೆ ಒಳಗೆ ಓಡಿ ಯಜಮಾನರನ್ನು ಕರೆತಂದ.

"ಏನಮ್ಮಾ ಇದು?"

"ಸ್ಟೂಲು, ಯಜಮಾನ್ರೇ."

"ಅದು ಹತ್ತೋಕೆ ಇಟ್ಟಿರೋದು. ಕೂರೋಕಲ್ಲ."

"ಹತ್ತೋಕೆ ಕಾಲು ಬೇಕಲ್ಲ ಯಜಮಾನ್ರೇ? ಅದು ಎರಡು ನಿಮಿಷ ಬಿಡುವು ಕೇಳ್ತಿದೆ."

"ಕೂರ್ಬೇಕು ಅಂದ್ರೆ ಮನೆಗೆ ಹೋಗಿ ಕೂತ್ಕೋ. ನಾಳೆಯಿಂದ ಬರೋದೇ ಬೇಡ."

ಅಕ್ಕ ಎದ್ದಳು. ಸ್ಟೂಲನ್ನು ಕಂಕುಳಲ್ಲಿ ಇರುಕಿಕೊಂಡಳು. ಬಾಗಿಲು ದಾಟಿ, ಬೀದಿ ದಾಟಿ, ಎದುರಿನ ಫುಟ್‌ಪಾತಿನ ಮೇಲೆ ಅಂಗಡಿಯ ಬಾಗಿಲಿಗೆ ನೇರವಾಗಿ ಅದನ್ನಿಟ್ಟು ಕೂತಳು. "ಮನೆ ದೂರ! ಇಲ್ಲೇ ಕೂತಿರ್ತೀನಿ!" ಎಂದು ಕೂಗಿ ಹೇಳಿದಳು.

ಮರುದಿನ ಪರದೆ ವಿಭಾಗದ ಉದ್ದಕ್ಕ ಬಂದಳು. ಅವಳು ಎತ್ತರದ ಹೆಂಗಸು. ನಿನಗೆ ಸ್ಟೂಲು ಯಾಕೆ ಎಂದು ಅವಳಿಗೆ ಹತ್ತುವುದಕ್ಕೂ ಅದನ್ನು ಕೊಡುತ್ತಿರಲಿಲ್ಲ. ಅವಳು ಬಣ್ಣದ ಡಬ್ಬಿ ಬೋರಲು ಹಾಕಿಕೊಂಡು ಪಕ್ಕದಲ್ಲಿ ಕೂತಳು. ತಂಗಿ ಬಂದಳು. ಆಮೇಲೆ ಬೇರೆ ಬೇರೆ ಅಂಗಡಿಯ ಹೆಂಗಸರು ಬಕೆಟ್ಟು, ಮಣೆ, ಮುರುಕು ಕುರ್ಚಿ ಹಿಡಿದು ಬಂದರು. ಬೀದಿಯ ಉದ್ದಕ್ಕೂ ಹೆಂಗಸರು ಕೂತರು, ಅಂಗಡಿಗಳೊಳಗೆ ಯಜಮಾನರೇ ನಿಂತು ಬಟ್ಟೆ ಹರಿಯಬೇಕಾಯಿತು. ತಡೆಯಲಾರದೆ ಬಟ್ಟೆ ಅಂಗಡಿಯ ಯಜಮಾನರು ಅಕ್ಕನ ಮೇಲೆ ಸ್ಟೂಲು ಕದ್ದ ಕೇಸು ಹಾಕಿಸಿದರು!

ಆಗ ಬಂದವರು ವಕೀಲರು. ತೆಳ್ಳಗಿನ ಮನುಷ್ಯ, ದಪ್ಪ ಕನ್ನಡಕ, ಕೇಳಿದವರ ಎದೆ ಝಲ್ಲೆನ್ನುವ ಮಾತು. ಫೀಸಿನ ಮಾತೇ ಎತ್ತದೆ ಕೇಸು ಹಿಡಿದರು. "ಸ್ವಾಮಿ, ಕದ್ದ ಮಾಲಿನ ಮೇಲೆ ಮಾಲಿನ ಯಜಮಾನನ ಎದುರಿಗೇ ಹಗಲೆಲ್ಲ ಕೂತಿರೋ ಕಳ್ಳಿಯನ್ನ ನಾನಂತೂ ಇದೇ ಮೊದಲ ಸಲ ನೋಡ್ತಿರೋದು" ಎಂದಾಗ ನ್ಯಾಯಾಧೀಶರೂ ನಕ್ಕುಬಿಟ್ಟರು. ಕೇಸು ಬಿದ್ದುಹೋಯಿತು, ಸ್ಟೂಲು ಅಕ್ಕನ ಬಳಿಯೇ ಉಳಿಯಿತು. ಕೆಲಸವನ್ನಂತೂ ಅಕ್ಕನಿಗೆ ಯಜಮಾನರು ಮರಳಿ ಕೊಡಲಿಲ್ಲ. ಉಳಿದವರನ್ನೆಲ್ಲ, ಬೇರೆ ದಾರಿಯಿಲ್ಲದೆ, ಒಳಗೆ ಕರೆದುಕೊಂಡರು. ವಕೀಲರು ಮಾತ್ರ ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. ಹೆಂಗಸರ ನಡುವೆ ಬೋರಲು ಬಕೆಟ್ಟಿನ ಮೇಲೆ ಕೂತು, "ಮನುಷ್ಯರಿಗೆ ಕೂರೋ ಹಕ್ಕು ಯಾರ ದಯೆನೂ ಅಲ್ಲ, ಅದನ್ನ ಕಾನೂನು ಮಾಡೋಣ" ಎಂದರು. ಆ ಒಂದು ಮಾತಿಗೆ ಊರಿನ ವ್ಯಾಪಾರಿಗಳೆಲ್ಲ ತಮ್ಮ ಕೇಸುಗಳನ್ನು ಅವರ ಕೈಯಿಂದ ಕಿತ್ತುಕೊಂಡರು. ಅವರು ಮುಖ ಸಣ್ಣದು ಮಾಡಲಿಲ್ಲ. ಅದನ್ನು ಮರೆಯಬಾರದು. ಮುಂದೆ ಆ ಮನುಷ್ಯನ ಮೇಲೆ ಎಷ್ಟು ಸಿಟ್ಟು ಬಂದರೂ ಬಕೆಟ್ಟಿನ ಮೇಲೆ ಕೂತದ್ದನ್ನು ಅಳಿಸಲಾಗುವುದಿಲ್ಲ. ಸಿಟ್ಟು ಹೆಚ್ಚಾಗುವುದೂ ಅದಕ್ಕೇ.

ಮುಂದಿನ ಪುರಸಭೆ ಚುನಾವಣೆಯಲ್ಲಿ ವಕೀಲರೂ ಗೆದ್ದರು, ಅಕ್ಕನೂ ಗೆದ್ದಳು. ಅವಳ ಚಿಹ್ನೆ ಏನಿತ್ತೋ ಯಾರಿಗೂ ನೆನಪಿಲ್ಲ; ಜನ ಸ್ಟೂಲಕ್ಕನಿಗೆ ಓಟು ಹಾಕಿದ್ದರು. ನಿಯಮದ ಕರಡು ಅವಳ ಅಡುಗೆಮನೆಯಲ್ಲೇ ತಯಾರಾಯಿತು. ವಕೀಲರು ಹೇಳುತ್ತ ಬರೆಯುತ್ತ ಹೋದರು, ಅಕ್ಕ ಟೀ ಕುದಿಸುತ್ತ ಕೇಳುತ್ತ ಹೋದಳು. ನಿಯಮದಲ್ಲಿ ಇದ್ದದ್ದು ಎರಡೇ ಮಾತು. ಒಂದು, ಪ್ರತಿ ಅಂಗಡಿಯೂ ಕೆಲಸದವರಿಗೆಲ್ಲ ಕೂರಲು ಆಸನ ಕೊಡಬೇಕು. ಎರಡು, ಗಿರಾಕಿ ಇಲ್ಲದಾಗ ಅವರು ಕೂತರೆ ಯಾರೂ ಬೈಯಬಾರದು, ಸಂಬಳ ಕಡಿಯಬಾರದು, ಕೆಲಸದಿಂದ ತೆಗೆಯಬಾರದು. ತೆಗೆದರೆ ಪುರಸಭೆ ಅಂಗಡಿಯ ಪರವಾನಗಿಗೇ ಕೈಹಾಕುತ್ತದೆ.

"ಎರಡನೇದು ಇಲ್ದಿದ್ರೆ ಮೊದಲನೇದು ಬರೀ ಪೀಠೋಪಕರಣ," ಎಂದಿದ್ದರು ವಕೀಲರು. ಅವರೇ ಅಂದ ಮಾತು ಅದು, ಅವರ ಬಾಯಿಂದಲೇ ಬಂದದ್ದು.

ಸಭೆಗೆ ನಿಯಮ ಬರುವ ಹಿಂದಿನ ದಿನ ವಕೀಲರು ಅಕ್ಕನನ್ನು ಪುರಸಭೆಯ ಹಿಂದಿನ ಮೆಟ್ಟಿಲ ಬಳಿಗೆ ಕರೆದರು. ಮುಖ ಸಪ್ಪಗಿತ್ತು.

"ಅಕ್ಕ, ಎತ್ತೋ ಕೈಗಳು ಸಾಲ್ತಿಲ್ಲ. ಅಂಗಡಿ ಮಾಲೀಕರ ಸಂಘ ಅರ್ಧ ಸದಸ್ಯರನ್ನ ಹಿಡ್ಕೊಂಡಿದೆ. ಆದ್ರೆ ಅವರು ಒಂದು ದಾರಿಗೆ ಬಂದಿದಾರೆ. ಆಸನ ಕೊಡ್ತಾರಂತೆ."

"ಅಷ್ಟೇನಾ?"

"ಎರಡನೇ ಮಾತು ಬಿಡಬೇಕು. ಅದೊಂದನ್ನ ಬಿಟ್ರೆ ನಾಳೆನೇ ಪಾಸಾಗತ್ತೆ."

"ಬರೀ ಪೀಠೋಪಕರಣ ಅಂದಿದ್ರಿ."

"ಅಂದಿದ್ದೆ. ಈಗ ಪುರಸಭೆಯೊಳಗೆ ಕೂತು ಲೆಕ್ಕ ಹಾಕ್ತಿದೀನಿ. ಸ್ಟೂಲು ಮೊದಲು ಒಳಗೆ ಬರ್ಲಿ ಅಕ್ಕ. ಕಣ್ಣೆದುರಿಗೆ ಸ್ಟೂಲು ಇದ್ಮೇಲೆ ಕೂರಬೇಡ ಅನ್ನೋಕೆ ಯಾವ ಬಾಯಿ ಬರತ್ತೆ? ಇವತ್ತು ಹಟ ಹಿಡಿದ್ರೆ ಎರಡೂ ಹೋಗತ್ತೆ. ಮುಂದಿನ ಸಲ ನಾವು ಇಲ್ಲಿರ್ತೀವೋ ಇಲ್ವೋ."

ಈ ಮಾತಿನಲ್ಲಿ ಹುರುಳೇ ಇರಲಿಲ್ಲ ಅನ್ನಲಾಗದು. ಅಕ್ಕನಿಗೂ ಲೆಕ್ಕ ಬರುತ್ತಿತ್ತು. ಮನೆಗೆ ಬಂದು ತಂಗಿಗೆ ಹೇಳಿದಳು. ತಂಗಿಯ ಎಡಗಾಲಿನ ಗಿಣ್ಣಿನ ಮೇಲೆ ಆಗಲೇ ಒಂದು ಹುಣ್ಣು ಬಾಯಿ ಬಿಟ್ಟಿತ್ತು. ನರ ಉಬ್ಬಿ ಉಬ್ಬಿ ಚರ್ಮ ಒಡೆದದ್ದು. ನಿಲ್ಲುವುದನ್ನು ಕಡಿಮೆ ಮಾಡದಿದ್ದರೆ ಅದು ಮಾಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಗಂಡನ ಕಣ್ಣು ಮಂಜಾಗುತ್ತಿತ್ತು, ಸೂಜಿಗೆ ದಾರ ಪೋಣಿಸಲು ಅವನು ಅಕ್ಕನನ್ನೇ ಕರೆಯುತ್ತಿದ್ದ. ಮನೆ ನಡೆಯುತ್ತಿದ್ದದ್ದು ತಂಗಿಯ ಕೆಲಸದಿಂದ.

"ಒಪ್ಕೋ ಅಕ್ಕ," ಎಂದಳು ತಂಗಿ. "ಬರೋದನ್ನ ಯಾಕೆ ಒದೀಬೇಕು? ಸ್ಟೂಲಾದ್ರೂ ಬರ್ಲಿ. ಬೆನ್ನ ಹಿಂದೆ ಸ್ಟೂಲಿದ್ರೆ ಯಾವಾಗಾದ್ರೂ ಒಂದು ಕ್ಷಣ ಒರಗಬಹುದು."

ಮರುದಿನ ಅಕ್ಕ ಕೈಯೆತ್ತಿದಳು. ಸಭೆ ಚಪ್ಪಾಳೆ ತಟ್ಟಿತು. ಅಂಗಡಿಯ ಯಜಮಾನರೇ ಬಂದು ಅವಳ ಕೈಕುಲುಕಿ ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ಹಲ್ಲು ಬಿಟ್ಟಿರುವವರು ಅವರು ಮಾತ್ರ.

ಸ್ಟೂಲುಗಳು ಬಂದವು. ಬಂದವು ಅಂದರೆ ಮೆರವಣಿಗೆಯಂತೆ ಬಂದವು! ಹೊಚ್ಚ ಹೊಸವು, ಹೊಳೆಯುವ ಕಾಲು, ನೀಲಿ ಮೆತ್ತೆ, ಮೆತ್ತೆಯ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಪುರಸಭೆಯ ತಪಾಸಣೆಯವನು ಬಂದು ನೋಡಿ, ಎಲ್ಲ ಸರಿಯಿದೆ ಎಂದು ಟೀ ಕುಡಿದು ಹೋದ. ಅವನ ಬೆನ್ನು ಕಾಣುತ್ತಿದ್ದಂತೆ ಮ್ಯಾನೇಜರು ಹೆಂಗಸರನ್ನು ಸೇರಿಸಿ, "ಪ್ಲಾಸ್ಟಿಕ್ ಯಾರೂ ಬಿಚ್ಚಬೇಡಿ. ಮೆತ್ತೆ ಕೊಳೆ ಆದ್ರೆ ತಪಾಸಣೆ ದಿನ ನಾನೇನು ತೋರಿಸ್ಲಿ?" ಎಂದ.

"ಹಾಗಾದ್ರೆ ಕೂರೋದು ಹೇಗೆ?" ಎಂದಳು ಉದ್ದಕ್ಕ.

"ಕೂರಬೇಡಿ ಅಂತ ನಾನೆಲ್ಲಿ ಅಂದೆ? ಸ್ಟೂಲು ಇದೆಯಲ್ಲ. ಯಾರು ಎಷ್ಟು ಹೊತ್ತು ಕೂರ್ತಾರೆ ಅಂತ ನೋಡ್ತಿರ್ತೀನಿ ಅಷ್ಟೇ."

ಇಷ್ಟೇ ಆಗಿದ್ದರೂ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಆದರೆ ಕೌಂಟರಿಗೂ ಹಿಂದಿನ ಕಪಾಟಿಗೂ ನಡುವೆ ಇದ್ದದ್ದು ಒಬ್ಬಳು ಓರೆಯಾಗಿ ಹಾದುಹೋಗುವಷ್ಟು ಸಂದು. ಮೊದಲು ಹೆಂಗಸರು ಆ ಸಂದಿನಲ್ಲಿ ಕಪಾಟಿನ ಅಂಚಿಗೆ ಸೊಂಟ ಆನಿಸಿ, ಒಂದು ಕಾಲು ಎತ್ತಿ ಇನ್ನೊಂದರ ಮೇಲೆ ಊರುತ್ತಿದ್ದರು, ಆಮೇಲೆ ಕಾಲು ಬದಲಿಸುತ್ತಿದ್ದರು. ಗಿರಾಕಿಗೂ ಕಾಣದ, ಯಜಮಾನರಿಗೂ ಕಾಣದ, ಒಬ್ಬರಿಂದ ಒಬ್ಬರು ಕಲಿತ ಉಪಾಯ ಅದು. ಈಗ ಆ ಸಂದಿನ ತುಂಬ ಸ್ಟೂಲು! ಕಪಾಟಿಗೆ ಒರಗಲು ಅಡ್ಡ, ಕಾಲು ಬದಲಿಸಲು ಅಡ್ಡ. ಸ್ಟೂಲಿನ ಅಂಚು ಮೀನಖಂಡಕ್ಕೆ ಒತ್ತುತ್ತಿತ್ತು, ಮುಂದೆ ಕೌಂಟರು ಹೊಟ್ಟೆಗೆ ಒತ್ತುತ್ತಿತ್ತು. ಕೂರುವ ಹಕ್ಕಿಗಾಗಿ ಬೀದಿಗಿಳಿದ ಹೆಂಗಸರು ಕಡೆಗೆ ಒರಗುವ ಸುಖವನ್ನೂ ಕಳೆದುಕೊಂಡರು. ಸ್ಟೂಲಾದರೂ ಬರಲಿ ಅಂದಿದ್ದ ತಂಗಿಯ ಹುಣ್ಣಿಗೆ ಅದೇ ಸ್ಟೂಲಿನ ಕಾಲು ದಿನವೂ ತಾಗುತ್ತಿತ್ತು. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅಕ್ಕ ವಕೀಲರ ಮನೆಗೆ ಹೋದಳು. ಅವರು ಆಗ ಪುರಸಭೆಯ ಸಮಿತಿಯೊಂದರ ಅಧ್ಯಕ್ಷರಾಗಿದ್ದರು.

"ವಕೀಲರೇ, ಬಂದು ಒಂದು ಸಲ ನೋಡಿ. ಆ ಸಂದಿನಲ್ಲಿ ನಿಂತು ನೋಡಿ."

"ನನಗೆ ಅರ್ಥವಾಗತ್ತೆ ಅಕ್ಕ. ಆದ್ರೆ ನಿಯಮದ ಪ್ರಕಾರ ಅವರದೇನೂ ತಪ್ಪಿಲ್ಲ. ಆಸನ ಕೊಟ್ಟಿದಾರೆ."

"ನಿಯಮ ಬರೆದಿದ್ದು ನೀವು."

"ನಾವು," ಎಂದರು ವಕೀಲರು ಮೆಲ್ಲಗೆ. "ನೀವೂ ಕೈಯೆತ್ತಿದ್ರಿ."

ಆ ಮಾತು ಸುಳ್ಳಾಗಿದ್ದರೆ ಅಕ್ಕ ಅಲ್ಲೇ ಜಗಳಕ್ಕೆ ಬೀಳುತ್ತಿದ್ದಳು. ದಾರಿಯುದ್ದಕ್ಕೂ ತನ್ನ ಬಲಗೈಯನ್ನೇ ಬೈದುಕೊಂಡು ಮನೆಗೆ ಬಂದಳು.

ಕೆಲವು ತಿಂಗಳ ನಂತರ ತಂಗಿ ಒಂದು ದಿನ ಹುಣ್ಣು ಸೋರಿ ಕಾಲ್ಚೀಲ ಒದ್ದೆಯಾದಾಗ ತಡೆಯಲಾರದೆ ಪ್ಲಾಸ್ಟಿಕ್ಕಿನ ಮೇಲೆಯೇ ಕೂತಳು. ಮ್ಯಾನೇಜರು ಏನೂ ಅನ್ನಲಿಲ್ಲ. ಸುಮ್ಮನೆ ನೋಡಿದ. ಆ ವಾರದ ಕೊನೆಗೆ, "ನಿಮ್ಮಲ್ಲಿ ಮೊದಲಿನ ಚುರುಕಿಲ್ಲಮ್ಮ, ಬೇರೆ ಕಡೆ ನೋಡ್ಕೊಳ್ಳಿ" ಎಂದ. ಕೂತದ್ದಕ್ಕೆ ತೆಗೆದರು ಅಂತ ಯಾರೂ ಹೇಳುವಂತಿಲ್ಲ. ಯಾಕಂದರೆ ಕೂತದ್ದರ ಬಗ್ಗೆ ಯಾರೂ ಚಕಾರ ಎತ್ತಿರಲಿಲ್ಲ. ಎಂಥಾ ನಯ, ಎಂಥಾ ನಾಜೂಕು! ಯಜಮಾನರು ಹಿಂದೆ ಮುಖಕ್ಕೆ ಹೊಡೆದಂತೆ ಹತ್ತೋಕೆ ಇಟ್ಟದ್ದು ಅಂದಿದ್ದೇ ಇದಕ್ಕಿಂತ ಎಷ್ಟೋ ಮರ್ಯಾದೆಯ ಮಾತಾಗಿತ್ತು.

ಅಕ್ಕ ಈ ಸಲ ವಕೀಲರ ಮನೆಗೆ ಹೋಗಲಿಲ್ಲ. ಸಭೆಯಲ್ಲೇ ಎದ್ದು ನಿಂತು ಎರಡನೇ ಮಾತನ್ನು ನಿಯಮಕ್ಕೆ ಸೇರಿಸಬೇಕು ಎಂದಳು. ಸದಸ್ಯರು ಗೊಣಗಿದರು. ನಿಯಮ ಚೆನ್ನಾಗಿ ನಡೆಯುತ್ತಿದೆ, ಬೇರೆ ಊರಿನವರು ನೋಡಲು ಬರುತ್ತಿದ್ದಾರೆ, ಈಗ ಯಾಕೆ ಕೆದಕುವುದು ಎಂದರು. ಒಬ್ಬರು, "ಅಕ್ಕ, ಮೊದಲು ನೀವು ಕೂತ್ಕೊಳ್ಳಿ" ಎಂದು ನಗೆಚಾಟಿಕೆ ಮಾಡಿದರು.

"ನಾನು ಕೂರಲ್ಲ. ನೀವು ಏಳಿ," ಎಂದಳು ಅಕ್ಕ. "ಎದ್ದು ಕುರ್ಚಿನ ಮೀನಖಂಡಕ್ಕೆ ತಾಗೋ ಹಾಗೆ ಎಳ್ಕೊಂಡು ನಿಂತ್ಕೊಳ್ಳಿ. ಹಾಗೇ ನಿಂತು ಮಾತಾಡಿ. ನಿಮ್ಮನ್ನ ಕೂರಬೇಡಿ ಅಂತ ಯಾರೂ ಹೇಳಲ್ಲ. ಕುರ್ಚಿ ಅಲ್ಲೇ ಇದೆಯಲ್ಲ!"

ಯಾರೂ ಏಳಲಿಲ್ಲ. ಒಬ್ಬನಾದರೂ ಏಳಬೇಡವೇ? ಬಕೆಟ್ಟಿನ ಮೇಲೆ ಕೂತಿದ್ದ ಮನುಷ್ಯ ಕೂಡ ಕನ್ನಡಕ ಒರೆಸಿಕೊಳ್ಳುತ್ತ ಕೂತೇ ಇದ್ದರು.

ಆದರೆ ಅವರು ಸುಮ್ಮನಿರಲಿಲ್ಲ. ಎರಡು ಮೂರು ದಿನ ಓಡಾಡಿ ಮಾಲೀಕರ ಸಂಘದಿಂದ ಹೊಸ ಮಾತು ತಂದರು. ಗಂಟೆಗೆ ಐದು ನಿಮಿಷ ಕೂರಲು ಬಿಡುತ್ತಾರೆ. ಯಾವ ಐದು ನಿಮಿಷ ಎಂದು ಮ್ಯಾನೇಜರು ಹೇಳುತ್ತಾನೆ. ಅದಕ್ಕೆ ಬದಲಾಗಿ ಪುರಸಭೆ ಇನ್ನು ಈ ವಿಷಯ ಎತ್ತಕೂಡದು.

"ಐದು ನಿಮಿಷ ಅಂದ್ರೆ ಐದು ನಿಮಿಷ ಅಕ್ಕ. ಸೊನ್ನೆ ಅಲ್ಲ," ಎಂದರು ವಕೀಲರು. "ಶನಿವಾರ ಸಂಜೆಯೊಳಗೆ ಹೇಳಿ. ಸೋಮವಾರದ ಸಭೆಗೆ ವಿಷಯಗಳ ಪಟ್ಟಿ ಅವತ್ತೇ ಹೋಗತ್ತೆ. ನಿಮ್ಮ ಕೈ ಇಲ್ದಿದ್ರೆ ಇದೂ ಬೀಳತ್ತೆ. ಬಿದ್ರೆ ಅವರು ಮತ್ತೆ ಮಾತಿಗೇ ಬರಲ್ಲ."

ಅಕ್ಕ ಮತ್ತೆ ಮತ್ತೆ ಲೆಕ್ಕ ಹಾಕಿದಳು. ಬೇಡ ಅಂದರೆ ಅಷ್ಟು ಜನ ಹೆಂಗಸರ ಪಾಲಿನ ಐದು ನಿಮಿಷವನ್ನು ಕಿತ್ತುಕೊಂಡವಳು ತಾನು. ಹೂಂ ಅಂದರೆ ಉಳಿದ ಐವತ್ತೈದು ನಿಮಿಷ ನಿಲ್ಲಿಸುವುದಕ್ಕೆ ಅಪ್ಪಣೆ ಕೊಟ್ಟವಳೂ ತಾನೇ. ದರ್ಜಿ ಕೂಡ ಆ ದಿನಗಳಲ್ಲಿ ಅವಳ ಕಾಲೆಳೆಯಲಿಲ್ಲ. "ಅತ್ತಿಗೆ, ನನ್ನ ಕೇಳ್ಬೇಡಿ. ನಾನು ಕೂತು ತಿನ್ನೋನು," ಎಂದಷ್ಟೇ ಹೇಳಿ ಯಂತ್ರ ತುಳಿದ.

ಶನಿವಾರ ಮಧ್ಯಾಹ್ನ ತಂಗಿ ಅಂಗಡಿಯಲ್ಲಿ ಬಿಟ್ಟುಬಂದಿದ್ದ ಊಟದ ಡಬ್ಬಿ, ಮನೆಚಪ್ಪಲಿ ತರಲು ಹೊರಟಳು. ಒಬ್ಬಳೇ ಹೋಗಲು ಸಂಕೋಚ. ಅಕ್ಕನೂ ಹೊರಟಳು. ಕಾಲಿಗೆ ಹೊಸ ಪಟ್ಟಿ ಕಟ್ಟಿಕೊಂಡು, ಒಳ್ಳೆಯ ಬಟ್ಟೆ ಉಟ್ಟುಕೊಂಡು, ತಂಗಿ ಕುಂಟುತ್ತ ಬಂದಳು. ಹಿಂಬಾಗಿಲು ಕೆಲಸದವರದು, ಅದಕ್ಕೆ ಒಳಗಿನಿಂದ ಅಗುಳಿ ಹಾಕಿತ್ತು. ಹಾಗಾಗಿ ಇಬ್ಬರೂ ಮುಂಬಾಗಿಲಿನಿಂದ ಒಳಗೆ ಹೋದರು.

ಮ್ಯಾನೇಜರು ರಶೀದಿ ಹರಿಯುತ್ತಿದ್ದ. ಗಾಜಿನ ಬಾಗಿಲಿನ ಸದ್ದಿಗೆ, ತಲೆಯೆತ್ತದೆ, ಬಾಯಿಪಾಠದ ಮಾತು ಹೊರಬಿತ್ತು:

"ಬನ್ನಿ ಬನ್ನಿ ಅಮ್ಮ, ಕೂತ್ಕೊಳ್ಳಿ."

ಅಭ್ಯಾಸಬಲದಿಂದ ಕೈಯೂ ಕುರ್ಚಿ ಎಳೆಯಿತು. ಆಮೇಲೆ ಮುಖ ನೋಡಿದ. ಅಷ್ಟರಲ್ಲಿ ತಂಗಿ ಕೂತಾಗಿತ್ತು.

ಅಷ್ಟು ವರ್ಷ ಆ ಅಂಗಡಿಯಲ್ಲಿ ದುಡಿದವಳು ಆ ಕುರ್ಚಿಯ ಧೂಳು ಒರೆಸಿದ್ದಳು, ಮೆತ್ತೆಯ ಕವಚ ಬದಲಿಸಿದ್ದಳು, ಒಮ್ಮೆಯೂ ಕೂತಿರಲಿಲ್ಲ. ಕೂತು ಎರಡೂ ಕೈಯಿಂದ ಕುರ್ಚಿಯ ತೋಳನ್ನು ಸವರಿದಳು. "ಎಷ್ಟು ಮೆತ್ತಗಿದೆ ಅಕ್ಕ," ಎಂದಳು. ಅವಳ ಕಣ್ಣು ತುಂಬಿತು. ಅಕ್ಕನಿಗೆ ಪಿತ್ತ ನೆತ್ತಿಗೇರಿತು. ಕೆಲಸ ಕಳೆದುಕೊಂಡ ಮೇಲೆ ಸಿಕ್ಕಿತಲ್ಲ ಕೂರುವ ಭಾಗ್ಯ!

"ಡಬ್ಬಿ ತಾನೇ? ತರಿಸ್ತೀನಿ," ಎಂದ ಮ್ಯಾನೇಜರು.

"ಡಬ್ಬಿ ಆಮೇಲೆ," ಎಂದಳು ತಂಗಿ, ಕಣ್ಣೊರೆಸಿಕೊಂಡು. "ನಾನು ಗಿರಾಕಿ. ಪರದೆ ಬಟ್ಟೆ ನೋಡ್ಬೇಕು."

ಮ್ಯಾನೇಜರು ಕಕ್ಕಾಬಿಕ್ಕಿಯಾದ. ಅಂಗಡಿಯಲ್ಲಿ ಬೇರೆ ಜನರೂ ಇದ್ದರು, ಎಲ್ಲರೂ ಈ ಕಡೆ ನೋಡಿದರು. ಅವನು ಉದ್ದಕ್ಕನ ಕಡೆ ಕೈಬೀಸಿದ. ಉದ್ದಕ್ಕ ಕೌಂಟರಿನ ಹಿಂದಿನ ಸಂದಿನಲ್ಲಿ, ಮೀನಖಂಡಕ್ಕೆ ಸ್ಟೂಲು ಒತ್ತಿಕೊಂಡು, ಬಟ್ಟೆ ಬಿಡಿಸಿದಳು.

"ಹೀಗಲ್ಲ," ಎಂದಳು ತಂಗಿ. "ನೀನು ನಿಂತು ತೋರಿಸಿದ್ರೆ ನಾನು ಕತ್ತೆತ್ತಿ ನೋಡ್ಬೇಕು, ಕತ್ತು ನೋವು. ಕೂತ್ಕೊಂಡು ತೋರ್ಸು."

ಉದ್ದಕ್ಕ ಮ್ಯಾನೇಜರ ಮುಖ ನೋಡಿದಳು.

"ಅವನನ್ನೇನು ನೋಡ್ತೀಯೇ? ಗಿರಾಕಿ ನಾನು. ಗಿರಾಕಿ ಹೇಳಿದ್ದಕ್ಕೆ ಆಗಲ್ಲ ಅನ್ನೋ ಹಾಗಿಲ್ಲ ಈ ಅಂಗಡಿಲಿ. ಅಲ್ವೇನ್ರೀ ಮ್ಯಾನೇಜರೇ?"

ಬೇರೆ ಕುರ್ಚಿಯಲ್ಲಿ ಕೂತಿದ್ದ ಒಬ್ಬರು ಅಜ್ಜಿ, ಕಥೆಯ ತಲೆಬುಡ ಗೊತ್ತಿಲ್ಲದೆಯೇ, "ಕೂತ್ಕೊಳಮ್ಮ, ಅದಕ್ಕೇನಂತೆ?" ಎಂದರು. ಮ್ಯಾನೇಜರು ರಶೀದಿ ಪುಸ್ತಕ ತಿರುವಿದ.

ಉದ್ದಕ್ಕ ಹಿಂದೆ ತಿರುಗಿ ಸ್ಟೂಲಿನ ಪ್ಲಾಸ್ಟಿಕ್ಕಿಗೆ ಉಗುರು ಹಾಕಿದಳು. ಪರ್ರ್ ಎಂದು ಅಂಗಡಿಯುದ್ದಕ್ಕೂ ಕೇಳುವಂತೆ ಹರಿದಳು. ಕೂತಳು. ಅವಳ ಬಾಯಿಂದ "ಅಮ್ಮಾ" ಎಂಬ ಸಣ್ಣ ಉಸಿರು ಬಂತು. ಅವಳ ಆಚೆಗಿದ್ದ ಹೆಂಗಸರೆಲ್ಲ ಅವಳನ್ನೇ ನೋಡಿದರು.

ಒಳಗಿನಿಂದ ಯಜಮಾನರು ಬಂದರು. ನೋಡಿದರು. ಸದಸ್ಯೆ ಸ್ಟೂಲಕ್ಕ ನಿಂತಿದ್ದಾಳೆ, ತೆಗೆದುಹಾಕಿದವಳು ಗಿರಾಕಿಯಾಗಿ ಕೂತಿದ್ದಾಳೆ, ಕೆಲಸದವಳು ಕೂತು ಪರದೆ ತೋರಿಸುತ್ತಿದ್ದಾಳೆ. ಬಾಗಿಲ ಪಕ್ಕ ಅವರದೇ ಬೋರ್ಡು. ಅವರು ನಕ್ಕರು. "ನಿಧಾನವಾಗಿ ನೋಡಿ ಅಮ್ಮ, ಆರಾಮಾಗಿ ನೋಡಿ," ಎಂದು ಗಡಿಯಾರದ ಕಡೆ ಕಣ್ಣು ಹಾಯಿಸಿದರು.

ತಂಗಿ ಅಕ್ಕನ ಕೈ ಜಗ್ಗಿ ಕಿವಿಯಲ್ಲಿ ಹೇಳಿದಳು. "ಅಕ್ಕ, ನಾನು ಎದ್ದ ಕೂಡ್ಲೇ ಇವ್ಳೂ ಏಳ್ಬೇಕು."

"ಹೂಂ."

"ಮತ್ತೆ ಇವತ್ತು ಕೂತಿದ್ದಕ್ಕೆ ಇವ್ಳನ್ನೂ ಚುರುಕಿಲ್ಲ ಅಂತಾರೆ."

"ಅಂತಾರೆ. ಅನ್ನಬಾರದು ಅಂತ ಎಲ್ಲೂ ಬರೆದಿಲ್ಲವಲ್ಲ."

"ನಾನೇ ನಿನಗೆ ಒಪ್ಕೋ ಅಂದಿದ್ದು ಅಕ್ಕ. ನನ್ನ ಮಾತು ಕೇಳಿ ಕೆಟ್ಟೆ ನೀನು."

"ಸುಮ್ನಿರೇ. ಕೈಯೆತ್ತಿದ್ದು ನಾನು."

ಬೀದಿಯಲ್ಲಿ ದೀಪ ಹತ್ತಿತು. ಬೇರೆ ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದು ಹೋದರು. ಅಕ್ಕನ ಫೋನು ಗುರುಗುಟ್ಟಿತು. ವಕೀಲರು.

"ಅಕ್ಕ, ಪಟ್ಟಿ ಕಳಿಸ್ಬೇಕು. ಏನು ಬರೀಲಿ?"

ಅಕ್ಕ ಉದ್ದಕ್ಕನನ್ನು ನೋಡಿದಳು. ಉದ್ದಕ್ಕ ಸ್ಟೂಲಿನ ಮೇಲೆ ಕೂತೇ ಚಪ್ಪಲಿ ಕಳಚಿ, ಊದಿದ ಬೆರಳುಗಳನ್ನು ನೆಲದ ಮೇಲೆ ಬಿಡಿಸಿ ಮಡಚಿ ಮಾಡುತ್ತಿದ್ದಳು.

"ಒಪ್ಪಲ್ಲ ಅಂತ ಬರೀರಿ, ವಕೀಲರೇ. ಐದು ನಿಮಿಷ ಬೇಡ. ಎರಡನೇ ಮಾತು ಬೇಕು, ಪೂರ್ತಿ ಬೇಕು."

"ಬೀಳತ್ತೆ ಅಕ್ಕ! ಎಲ್ಲಾ ಬಿದ್ದುಹೋಗತ್ತೆ!"

"ಬೀಳ್ಲಿ. ಬಿದ್ದಿದ್ದು ಬಿದ್ದಿದೆ ಅಂತ ಜನಕ್ಕೆ ಕಾಣ್ಲಿ. ನಾವು ಪ್ಲಾಸ್ಟಿಕ್ ಸುತ್ತಿ ನಿಲ್ಲಿಸಿದ್ದಕ್ಕೇ ಇಷ್ಟು ದಿನ ಯಾರಿಗೂ ಕಾಣ್ಲಿಲ್ಲ. ಸೋಮವಾರ ಸಭೆಗೆ ನಾನು ಬರ್ತೀನಿ, ಸೋತು ಹೋಗ್ತೀನಿ. ಮಂಗಳವಾರ ನನ್ನ ಹಳೇ ಸ್ಟೂಲು ತಗೊಂಡು ಈ ಅಂಗಡಿ ಎದುರು ಕೂರ್ತೀನಿ. ನಿಮ್ಮ ಬಕೆಟ್ಟು ನಮ್ಮನೇಲೇ ಇದೆ. ಬರ್ತೀರಾ?"

"ನನಗೆ ಮಂಗಳವಾರ ಸಮಿತಿ ಸಭೆ ಇದೆ ಅಕ್ಕ," ಎಂದರು ವಕೀಲರು.

"ಗೊತ್ತು," ಎಂದು ಅಕ್ಕ ಫೋನು ಇಟ್ಟಳು. ಮಾಲೀಕರ ಸಂಘ ಒಟ್ಟಾಗಿ ಬಂದರೂ ಅವಳಿಗೆ ಇಷ್ಟು ನೋವು ಕೊಡಲಾಗುತ್ತಿರಲಿಲ್ಲ.

ಮ್ಯಾನೇಜರು ಶಟರಿನ ಕೊಕ್ಕೆ ಹಿಡಿದು ಬಾಗಿಲಲ್ಲಿ ನಿಂತಿದ್ದ. ಯಜಮಾನರು ಗಲ್ಲಾ ಮುಚ್ಚಿ ಬಂದು, ತಮ್ಮ ಬೋರ್ಡಿನ ಕೆಳಗೆ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತರು. ಕೂರಲು ಅವರಿಗೂ ಜಾಗವಿರಲಿಲ್ಲ. ಅಷ್ಟರಲ್ಲಿ ಅಕ್ಕನೂ ಎರಡನೇ ಕುರ್ಚಿ ಎಳೆದುಕೊಂಡು ಕೂತಿದ್ದಳು, ಮೂರನೆಯದರ ಮೇಲೆ ತಂಗಿ ಪಟ್ಟಿ ಕಟ್ಟಿದ ಕಾಲು ಚಾಚಿದ್ದಳು. ಕೌಂಟರಿನ ಆಚೆಯಿಂದ ಮತ್ತೊಂದು ಪ್ಲಾಸ್ಟಿಕ್ಕು ಹರಿದ ಸದ್ದು ಕೇಳಿಸಿತು. ಆಮೇಲೆ ಮತ್ತೊಂದು.

"ಅಮ್ಮ, ಮುಚ್ಚೋ ಹೊತ್ತಾಯ್ತು," ಎಂದರು ಯಜಮಾನರು. "ಆಯ್ಕೆ ಆಯ್ತಾ?"

ತಂಗಿ ಗುಡ್ಡೆ ಬಿದ್ದಿದ್ದ ಪರದೆಗಳನ್ನೆಲ್ಲ ಒಂದೊಂದಾಗಿ ನೋಡಿ ತಲೆ ಅಲ್ಲಾಡಿಸಿದಳು.

"ಇಲ್ಲ ಯಜಮಾನ್ರೇ," ಎಂದಳು. "ಇನ್ನೊಂದು ತೋರ್ಸೇ, ಉದ್ದಕ್ಕ. ಏಳ್ಬೇಡ, ಕೂತೇ ತೋರ್ಸು."